ಬಾಲ ಹೊರಗಿದ್ದ ರೀಲು

ಫೋನ್ ಎತ್ತದ ನನ್ನ ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವ ಗೋಜಿಗೆ ನಾನು ಹೋಗುವುದಿಲ್ಲ, ಏಕೆಂದರೆ ನಿಮ್ಮ ಮಗಳು ದಿನಾ ಸಂಜೆ ಫೋನ್ ಮಾಡಿ ನಿಮ್ಮ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದಾಳೆ. ಊಟ ಸೇರುತ್ತಿದೆಯಂತೆ, ನಿದ್ದೆ ಬರುತ್ತಿದೆಯಂತೆ, ಮುಖ ಮಾತ್ರ ಊದಿಕೊಂಡೇ ಇದೆಯಂತೆ. ಬೆಳಗಾಗುತ್ತಲೇ ಅವಳ ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತೀರಂತೆ. ಆಗಾಗ ನಿಮ್ಮ ಬಲಗೈ ತಾನಾಗಿಯೇ ಎದೆಯ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ, ಅಂಗಿಯ ಗುಂಡಿ ಮುಟ್ಟಿ ಕೆಳಗಿಳಿಯುತ್ತದಂತೆ. "ಅಪ್ಪಂಗೆ ಎದೆನೋವೇನೋ ಅಂತ ಡಾಕ್ಟ್ರಿಗೆ ಫೋನ್ ಮಾಡೋಕೆ ಹೊರಟಿದ್ದೆ ಅತ್ತಿಗೆ" ಎಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎದೆನೋವಲ್ಲ ಕಣೇ, ಕ್ಯಾಮೆರಾ ಹುಡುಕುತ್ತಿದ್ದಾರೆ ಎಂದೆ.

ಅದು ಇಲ್ಲೇ ಇದೆ, ಫ್ರಿಜ್ ಮೇಲೆ. ನೀವು ಕೋಪದಲ್ಲಿ ಮನೆ ಬಿಡುವಾಗ ಏನೇನು ಒಯ್ದಿರಿ ಎಂದು ಅತ್ತೆ ಲೆಕ್ಕ ಹಾಕಿದ್ದಾರೆ. ಎರಡು ಜೊತೆ ಬಟ್ಟೆ, ನಿಮ್ಮ ತಲೆದಿಂಬು, ಹಲ್ಲುಜ್ಜುವ ಬ್ರಷ್ಷು. ಅದರ ಜೊತೆಗೆ ಫೋಟೋ ತೊಳೆಯುವ ಡೆವಲಪರಿನ ಬಿಸಿ ನೋಡುವ ಥರ್ಮಾಮೀಟರು! ಅಲ್ಲ ಮಾವ, ಕ್ಯಾಮೆರಾ ಬಿಟ್ಟು ಥರ್ಮಾಮೀಟರ್ ಒಯ್ಯುತ್ತಾರೆಯೇ ಯಾರಾದರೂ? ನೀವಿಲ್ಲದೆ ನಾನು ಒಂದು ಫೋಟೋ ಕೂಡ ಪ್ರಿಂಟ್ ಹಾಕಬಾರದು ಎಂಬ ಹೊಟ್ಟೆಕಿಚ್ಚಲ್ಲದೆ ಮತ್ತೇನು ಅದು? ಮಗಳ ಮನೆಯಲ್ಲಿ ಅದನ್ನು ಯಾರ ಬಾಯಿಗೆ ಇಡುತ್ತೀರಿ?

ಈ ಪತ್ರವನ್ನು ನಿಮ್ಮ ಮಗ ಆಫೀಸಿಗೆ ಹೋಗುವ ದಾರಿಯಲ್ಲಿ ತಂದುಕೊಡುತ್ತಾರೆ. ಜೊತೆಗೆ ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿದ ಒಂದು ಚಪ್ಪಟೆ ಪೊಟ್ಟಣ ಇದೆ. ದಯವಿಟ್ಟು ಅದನ್ನು ಈಗಲೇ ಬಿಚ್ಚಬೇಡಿ. ಬಿಚ್ಚುವ ಹೊತ್ತು ಬಂದಾಗ ನಾನೇ ಹೇಳುತ್ತೇನೆ. ನಿಮಗೆ ತಾಳ್ಮೆ ಇಲ್ಲ ಎಂದು ಗೊತ್ತು, ಅದಕ್ಕೇ ದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಇವತ್ತು ಗುರುವಾರ. ಭಾನುವಾರ ಬೆಳಿಗ್ಗೆ ಬಸ್ ಸ್ಟಾಪಿನ ಎದುರಿನ ಕಟಿಂಗ್ ಶಾಪಿನಲ್ಲಿ ನಮ್ಮಿಬ್ಬರ ಫೋಟೋಗಳು ಗೋಡೆ ಏರಬೇಕು. "ನಾನು ಬರಲ್ಲ, ನನ್ನ ಫೋಟೋನೂ ಹಾಕ್ಬೇಡಿ" ಎಂದು ನೀವು ಮಗಳ ಕೈಲಿ ಹೇಳಿ ಕಳಿಸಿದ್ದೀರಿ. ಆದರೆ ಅಂಗಡಿಯವನಿಗೆ ನಾನು ಆ ಮಾತು ಮುಟ್ಟಿಸಿಲ್ಲ. ಹೇಗೆ ಮುಟ್ಟಿಸಲಿ? ಅವನು ಆಗಲೇ ಗೋಡೆಗೆ ಬಣ್ಣ ಹೊಡೆಸಿ, ಗಡಿಯಾರ ಇಳಿಸಿ, ಬಾಗಿಲಿಗೆ ಒಂದು ರಟ್ಟು ನೇತು ಹಾಕಿದ್ದಾನೆ: ಭಾನುವಾರ ಕಟಿಂಗ್ ಇಲ್ಲ, ಫೋಟೋ ಇದೆ. ನಿಮಗೆ ನೆನಪಿರಬೇಕು, ನಿಮ್ಮ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಕತ್ತರಿ ಆಡಿಸುತ್ತ ಅವನೇ ಈ ಮಾತು ತೆಗೆದದ್ದು. "ಮೂರು ಗೋಡೆಗೆ ಕನ್ನಡಿ ಇದೆ ಸಾರ್, ನಾಲ್ಕನೇದು ಬೋಳು. ಕಾಯೋರೆಲ್ಲ ಗಡಿಯಾರ ನೋಡ್ಕೊಂಡು ನಂಗೆ ಶಾಪ ಹಾಕ್ತಾರೆ. ನಿಮ್ಮ ಫೋಟೋ ಹಾಕಿ, ಅದನ್ನಾದ್ರೂ ನೋಡ್ಲಿ."

ಅವತ್ತು ನೀವು ಅರ್ಧ ಕತ್ತರಿಸಿದ ತಲೆಯಲ್ಲೇ ಮನೆಗೆ ಓಡಿಬಂದಿರಿ. ಒಂದು ಕಿವಿಯ ಮೇಲೆ ಕೂದಲಿತ್ತು, ಇನ್ನೊಂದರ ಮೇಲೆ ಇರಲಿಲ್ಲ. ಬಾಗಿಲಲ್ಲಿ ನಿಂತು, "ಏನಮ್ಮಾ, ನಮ್ಮ ಫೋಟೋ ಗೋಡೆಗೆ ಹಾಕ್ತಾರಂತೆ!" ಎಂದಿರಿ. ನಾನು ನಕ್ಕದ್ದು ನಿಮ್ಮ ತಲೆ ನೋಡಿ. ಆದರೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ, ಅದು ಬೇರೆ ಕಾರಣಕ್ಕೆ. ಮೂವತ್ತು ವರ್ಷಕ್ಕೂ ಮೇಲೆ ಪತ್ರಿಕೆಯ ಡಾರ್ಕ್‌ರೂಮಿನಲ್ಲಿ ನಿಂತು ಊರಿನ ಫೋಟೋಗ್ರಾಫರುಗಳೆಲ್ಲ ತಂದ ರೀಲುಗಳನ್ನು ತೊಳೆದು, ಪ್ರಿಂಟ್ ಹಾಕಿ ಕೊಟ್ಟವರು ನೀವು. ಭಾಷಣದವರು, ಆಟ ಗೆದ್ದವರು, ಪ್ರವಾಹದಲ್ಲಿ ನಿಂತವರು, ಎಲ್ಲರ ಮುಖವೂ ಮೊದಲು ಮೂಡಿದ್ದು ನಿಮ್ಮ ಕೈಕೆಳಗಿನ ತಟ್ಟೆಯಲ್ಲಿ. ಚಿತ್ರದ ಕೆಳಗೆ ಬಂದ ಹೆಸರು ಮಾತ್ರ ಬೇರೆಯವರದು. ನೀವೇ ತೆಗೆದ ಫೋಟೋ ನಾಲ್ಕು ಜನರ ಕಣ್ಣಿಗೆ ಬೀಳುವುದು ಇದೇ ಮೊದಲು. ಅದನ್ನು ಒಂದು ರೀಲಿನ ಜಗಳಕ್ಕೆ ಬಿಟ್ಟುಬಿಡುತ್ತೀರಾ? ನನಗೆ ಇದೊಂದು ಸಹಿಸಲಾಗುತ್ತಿಲ್ಲ ಮಾವ. ನನ್ನ ಮೇಲಿನ ಕೋಪ ಇಟ್ಟುಕೊಳ್ಳಿ ಬೇಕಾದರೆ, ಜೇಬಲ್ಲಿಟ್ಟುಕೊಂಡೇ ಬನ್ನಿ. ಆದರೆ ಬನ್ನಿ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನಾವಿಬ್ಬರೂ ಮಾತಾಡುತ್ತಲೇ ಇರಲಿಲ್ಲ, ನೆನಪಿದೆಯಾ? ನಿಮಗೆ ಸಂಕೋಚ, ನನಗೆ ಭಯ. ನೀವು ಆಗಷ್ಟೇ ಕೆಲಸದಿಂದ ನಿವೃತ್ತರಾಗಿ, ಪತ್ರಿಕೆಯವರು ಬೇಡವೆಂದು ಮೂಲೆಗೆ ತಳ್ಳಿದ್ದ, ಫಿಲ್ಮಿನ ಚಿತ್ರವನ್ನು ಕಾಗದಕ್ಕೆ ದೊಡ್ಡದಾಗಿ ಇಳಿಸುವ ಎನ್ಲಾರ್ಜರನ್ನು ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದಿರಂತೆ. ಮನೆಯಲ್ಲಿ ಇದ್ದದ್ದು ಒಂದೇ ಬಚ್ಚಲು. ಕಿಟಕಿಗೆ ಕಪ್ಪು ರಟ್ಟು ಹೊಡೆದು, ಬಕೆಟ್ಟಿನ ಮೇಲೆ ಹಲಗೆ ಇಟ್ಟು, ಕೆಂಪು ಬಲ್ಬು ಹಾಕಿ ನೀವು ಅದನ್ನೇ ಡಾರ್ಕ್‌ರೂಮು ಮಾಡಿಕೊಂಡಿದ್ದಿರಿ. ಹೊಸ ಸೊಸೆ ಕೈಯಲ್ಲಿ ಟವೆಲ್ಲು ಹಿಡಿದು ಬಾಗಿಲ ಹೊರಗೆ ನಿಂತಿದ್ದೇನೆ, ಕೊರಿಯರ್ ಆಫೀಸಿನಲ್ಲಿ ನನ್ನ ಕೌಂಟರ್ ತೆರೆಯುವ ಹೊತ್ತಾಗುತ್ತಿದೆ, ಒಳಗೆ ನೀವು ಜಪ್ಪಯ್ಯ ಎಂದರೂ ಬಾಗಿಲು ತೆಗೆಯುತ್ತಿಲ್ಲ. ಮೂರನೇ ಸಲ ತಟ್ಟಿದಾಗ ನಿಮ್ಮ ದನಿ ಬಂತು: "ಒಂದ್ನಿಮಿಷ ಇರಮ್ಮ, ಮುಖ ಬರ್ತಿದೆ!"

ಮುಖ ಬರುವುದೆಂದರೆ ಏನು? ನನಗೆ ತಡೆಯಲಾಗಲಿಲ್ಲ. "ನಾನೂ ನೋಡ್ಬಹುದಾ?" ಎಂದೆ. ಕಪ್ಪು ಪರದೆಯ ಸಂದಿನಲ್ಲಿ ನುಸುಳಿ ಒಳಗೆ ಬಂದರೆ, ಕೆಂಪು ಬೆಳಕಿನಲ್ಲಿ ತಟ್ಟೆಯ ನೀರಿನಡಿ ಒಂದು ಬಿಳಿ ಕಾಗದ. ಮೊದಲು ಎರಡು ಹುಬ್ಬು ಬಂದವು. ಆಮೇಲೆ ಮೀಸೆ. ಆಮೇಲೆ ಬೀದಿಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವವನು ಪೂರ್ತಿಯಾಗಿ ಎದ್ದು ಬಂದ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಸುತ್ತ ಹಬೆ. ನಾನು ದಿನಾ ಅವನ ಮುಂದೆಯೇ ಹಾದುಹೋಗುತ್ತಿದ್ದೆ. ಅವನಿಗೆ ಅಷ್ಟು ಚೆಂದದ ಹುಬ್ಬುಗಳಿವೆ ಎಂದು ನನಗೆ ಗೊತ್ತಾದದ್ದು ಅವತ್ತು ನಮ್ಮ ಬಚ್ಚಲಲ್ಲಿ. ಆಫೀಸಿಗೆ ತಡವಾಯಿತು, ಸ್ನಾನವೂ ಆಗಲಿಲ್ಲ. ಮ್ಯಾನೇಜರ್ ಗುರುಗುಟ್ಟಿದರೆ ನಾನು ಹಲ್ಲು ಕಿರಿಯುತ್ತ ನಿಂತಿದ್ದೆ.

ಅಂದಿನಿಂದ ಒಂದು ಕ್ಯಾಮೆರಾಕ್ಕೆ ನಾವಿಬ್ಬರು ಪಾಲುದಾರರು. ಬೆಳಿಗ್ಗೆ ನಿಮ್ಮದು, ಸಂಜೆ ನನ್ನದು. ನೀವು ಹಾಲಿನ ವ್ಯಾನು, ಪೇಪರ್ ಹಂಚುವವರು, ಅಂಗಡಿಯ ಶಟರ್ ಎತ್ತುವವರು, ತನ್ನದೇ ಕುರ್ಚಿಯಲ್ಲಿ ತೂಕಡಿಸುವ ಕಟಿಂಗ್ ಶಾಪಿನವನು, ಇವರನ್ನೆಲ್ಲ ಹಿಡಿದು ತರುತ್ತಿದ್ದಿರಿ. ನಾನು ಆಫೀಸು ಬಿಟ್ಟ ಮೇಲೆ ಬಸ್ ನಿಲ್ದಾಣದ ಜನರನ್ನು. ಹೈಹೀಲ್ಡ್ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡುವವಳು, ನಿಂತಲ್ಲೇ ನಿದ್ದೆ ಹೊಡೆಯುವವನು, ಕಿಟಕಿಯಾಚೆಯಿಂದ ಸೀಟಿಗೆ ಕರ್ಚೀಫು ಎಸೆಯುವ ಮಹಾಶಯ. "ಕಪ್ಪು ಬಿಳುಪು ಅಂತ ಹೆಸರಿಗಷ್ಟೇ ಕಣಮ್ಮ, ಇರೋದೆಲ್ಲ ಬೂದು. ಬೂದು ನೋಡೋದು ಕಲಿ" ಎಂದು ನೀವು ಹೇಳಿಕೊಟ್ಟಿರಿ. ಆಮೇಲೆ ನನ್ನ ಕೌಂಟರಿನ ಪೆಟ್ಟಿಗೆಗಳಲ್ಲೂ ನನಗೆ ಹತ್ತು ಬಗೆಯ ಬೂದು ಕಾಣತೊಡಗಿತು. ಮದುವೆಯಾಗಿ ಬಂದ ಮನೆಯಲ್ಲಿ ಮೊದಲು ನನ್ನ ಸ್ನೇಹಿತರಾದವರು ನೀವು. ಇದನ್ನು ನಿಮ್ಮ ಮುಖದೆದುರು ನಾನು ಎಂದೂ ಹೇಳಿಲ್ಲ, ಹೇಳಿದರೆ ನೀವು ಕನ್ನಡಕ ಒರೆಸುವ ನೆಪ ಮಾಡಿ ಎದ್ದು ಹೋಗುತ್ತೀರಿ. ಈಗ ಹೇಗೂ ನಾನಲ್ಲಿಲ್ಲ, ಆರಾಮಾಗಿ ಒರೆಸಿಕೊಳ್ಳಿ.

ಇಷ್ಟೆಲ್ಲ ಚೆನ್ನಾಗಿದ್ದವರ ನಡುವೆ ಆ ಬಾಲ ಬಂತಲ್ಲ, ಅದರ ಕಥೆಗೆ ಬರುತ್ತೇನೆ. ರೀಲಿನ ಡಬ್ಬಿಯಿಂದ ನಾಲಗೆಯ ಹಾಗೆ ಹೊರಗೆ ಚಾಚಿಕೊಂಡಿರುವ ಫಿಲ್ಮಿನ ತುದಿಗೆ ನಮ್ಮ ಮನೆಯಲ್ಲಿ ಬಾಲ ಎನ್ನುತ್ತೇವೆ. ಅಂಗಡಿಯಿಂದ ತಂದ ಹೊಸ ರೀಲಿಗೆ ಬಾಲ ಹೊರಗಿರುತ್ತದೆ. ಆದ್ದರಿಂದ ನನ್ನ ಶಾಸ್ತ್ರದಲ್ಲಿ ಬಾಲ ಹೊರಗಿದ್ದರೆ ಹೊಸದು, ಒಳಗೆ ಹೋಗಿದ್ದರೆ ಮುಗಿದದ್ದು. ನಿಮ್ಮ ಪತ್ರಿಕೆಯ ಶಾಸ್ತ್ರವೇ ಬೇರೆ. ಮುಗಿದ ರೀಲಿನ ಬಾಲವನ್ನೂ ಹೊರಗೇ ಬಿಡಬೇಕು, ಕತ್ತಲಲ್ಲಿ ಡಬ್ಬಿ ಒಡೆಯುವ ತಾಪತ್ರಯ ಇರುವುದಿಲ್ಲ, ಸರಕ್ಕನೆ ಎಳೆದು ತೊಳೆಯಬಹುದು. ಇಷ್ಟು ವರ್ಷ ಒಂದೇ ಕ್ಯಾಮೆರಾದಲ್ಲಿ ಎರಡು ಶಾಸ್ತ್ರ ನಡೆಯಿತು, ಏಕೆಂದರೆ ನಿಮ್ಮ ಮುಗಿದ ರೀಲು ಯಾವತ್ತೂ ನಿಮ್ಮ ಜೇಬು ಬಿಟ್ಟು ಆಚೆ ಬರುತ್ತಿರಲಿಲ್ಲ. ಅವತ್ತೊಂದು ದಿನ, ಅವತ್ತೊಂದೇ ದಿನ, ನೀವು ಅದನ್ನು ಫ್ರಿಜ್ ಮೇಲೆ ಕ್ಯಾಮೆರಾದ ಪಕ್ಕ ಇಟ್ಟು ಹೋದಿರಿ. ನಾನು ಬಾಲ ನೋಡಿದೆ, ಪಾಪ ಮಾವ ನನಗೆ ಹೊಸ ರೀಲು ತೆಗೆದಿಟ್ಟಿದ್ದಾರೆ ಅಂದುಕೊಂಡೆ, ಹಾಕಿಕೊಂಡು ಹೊರಟೆ. ಸಂಜೆ ಬಸ್ ನಿಲ್ದಾಣದಲ್ಲಿ ಇಡೀ ರೀಲು ಮುಗಿಸಿ ತಂದು ನಿಮ್ಮ ಕೈಗೇ ಕೊಟ್ಟೆ.

ಮಾರನೇ ದಿನ ನೀವು ಅದನ್ನು ತೊಳೆದು, ಒದ್ದೆ ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದಿರಿ. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದಿರಿ. ನೀವು ಹೇಳಿದ್ದು ಒಂದೇ ಮಾತು: "ನಿನ್ನ ಬಸ್ಸು ನನ್ನ ಹೆಂಡ್ತಿ ಮೇಲೆ ಬಂದು ನಿಂತಿದೆ."

ನನಗೆ ನಗು ಬಂತು. ನಗಬಾರದಿತ್ತು, ಆದರೆ ಆ ಮಾತಿಗೆ ಯಾರು ತಾನೇ ನಗುವುದಿಲ್ಲ? ಅಲ್ಲಿಂದ ಶುರುವಾಯಿತು ರಂಪ. "ಬಾಲ ಹೊರಗಿದ್ರೆ ಮುಗಿದದ್ದು ಅಂತ ಗೊತ್ತಿಲ್ವಾ?" ಎಂದು ನೀವು. "ಪ್ರಪಂಚದಲ್ಲೆಲ್ಲ ಬಾಲ ಹೊರಗಿದ್ರೆ ಹೊಸದು" ಎಂದು ನಾನು. ನಿಮ್ಮ ಮಗ ಫೋನಿನಿಂದ ತಲೆ ಎತ್ತಿ, "ಅಯ್ಯೋ, ಇನ್ನೊಂದ್ಸಲ ತೆಗೆದ್ರಾಯ್ತಪ್ಪ" ಎಂದರು. ನಾವಿಬ್ಬರೂ ಜಗಳ ನಿಲ್ಲಿಸಿ ಒಟ್ಟಿಗೆ ಅವರನ್ನು ದುರುಗುಟ್ಟಿ ನೋಡಿದೆವು. ಆ ದಿನ ನಮ್ಮಿಬ್ಬರ ಅಭಿಪ್ರಾಯ ಕೂಡಿಬಂದದ್ದು ಅದೊಂದೇ ಸಲ. ಅರ್ಧ ಗಂಟೆಯಲ್ಲಿ ನೀವು ತಲೆದಿಂಬು ಕಂಕುಳಲ್ಲಿಟ್ಟುಕೊಂಡು ಹದಿನಾಲ್ಕನೇ ನಂಬರ್ ಬಸ್ಸು ಹತ್ತಿ ಮಗಳ ಮನೆಗೆ ಹೊರಟುಬಿಟ್ಟಿರಿ.

ಇಷ್ಟು ದೊಡ್ಡ ಸಿಟ್ಟು ಏಕೆ ಎಂದು ನನಗೆ ಆಗ ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ಆ ರೀಲಿನಲ್ಲಿ ಏನಿತ್ತೆಂದು ನೀವು ಹೇಳಲೇ ಇಲ್ಲ. ಹೇಳಿದ್ದು ಅತ್ತೆ, ನೀವು ಹೋದ ಮೇಲೆ.

ಅತ್ತೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನಮಗೆಲ್ಲ ಗೊತ್ತಿದ್ದದ್ದೇ. ಚಿಕ್ಕವರಿದ್ದಾಗ ಯಾರೋ ಅವರ ಹಲ್ಲು ನೋಡಿ ಏನೋ ಅಂದಿದ್ದರಂತೆ, ಅಂದಿನಿಂದ ಆ ಕೈ ಇಳಿದಿಲ್ಲ. ಮನೆಯಲ್ಲಿರುವ ಯಾವ ಫೋಟೋ ನೋಡಿದರೂ ಅತ್ತೆಯ ಎರಡು ಕಣ್ಣು, ಕೆಳಗೆ ಐದು ಬೆರಳು. ಮದುವೆಯ ಫೋಟೋದಲ್ಲೂ ಅಷ್ಟೇ. ಎಷ್ಟು ಸಾವಿರ ಮುಖಗಳನ್ನು ಕಾಗದಕ್ಕೆ ತಂದವರು ನೀವು, ಹೆಂಡತಿಯ ನಗು ಮಾತ್ರ ನಿಮ್ಮ ಕೈಗೆ ಸಿಕ್ಕಿರಲಿಲ್ಲ. ಇದನ್ನು ನೀವೆಂದೂ ದೂರಿದವರಲ್ಲ. ಆದರೆ ಅತ್ತೆ ನಕ್ಕಾಗಲೆಲ್ಲ ನೀವು ಪೇಪರಿನ ಮೇಲಿಂದ ಕಣ್ಣೆತ್ತಿ ನೋಡುವುದನ್ನು ನಾನು ಕಂಡಿದ್ದೇನೆ.

ಅವತ್ತು ಬೆಳಿಗ್ಗೆ ಅತ್ತೆ ಮಂಡಿನೋವಿಗೆ ನಡೆದರೆ ಒಳ್ಳೆಯದೆಂದು ನಿಮ್ಮ ಜೊತೆ ಬಂದಿದ್ದರಲ್ಲ. ಆಮೇಲಿನದನ್ನು ಅವರ ಬಾಯಲ್ಲೇ ಕೇಳಬೇಕು. "ಯಾರೋ ಮನೆ ಖಾಲಿ ಮಾಡ್ತಿದ್ರು ಕಣೇ. ಸಾಮಾನು ಹೊರೋನೊಬ್ಬ ಇಷ್ಟು ದೊಡ್ಡ ಕನ್ನಡಿ ತಂದು, 'ಅಮ್ಮಾ, ಒಂದ್ನಿಮಿಷ ಹಿಡ್ಕೊಳ್ಳಿ, ಹಗ್ಗ ತರ್ತೀನಿ' ಅಂತ ನನ್ನ ಕೈಗೆ ಕೊಟ್ಟು ಹೋದ. ಹೋದೋನು ಹೋದ! ನಾನು ಫುಟ್‌ಪಾತಲ್ಲಿ ಕನ್ನಡಿ ಹಿಡ್ಕೊಂಡು ಗೊಂಬೆ ಥರ ನಿಂತಿದೀನಿ. ಒಂದು ನಾಯಿ ಬಂತು, ಕನ್ನಡೀಲಿ ತನ್ನನ್ನೇ ನೋಡ್ಕೊಂಡು ಬೊಗಳ್ತು. ಅದನ್ನ ತಡ್ಕೊಂಡೆ. ಆಮೇಲೆ ಒಬ್ಬ ಟೈ ಕಟ್ಟಿದೋನು ಬಂದ. ನನ್ನ ಕಡೆ ನೋಡ್ಲೂ ಇಲ್ಲ. ಬಾಚಣಿಗೆ ತೆಗೆದ, ಬೈತಲೆ ತೆಗೆದ, ಮೀಸೆ ತಿರುವ್ದ, 'ಥ್ಯಾಂಕ್ಸ್ ಅಮ್ಮಾ' ಅಂದ, ಹೋದ! ನಂಗೆ ನಗು ತಡೆಯೋಕಾಗ್ಲಿಲ್ಲ. ಬಾಯಿ ಮುಚ್ಕೊಳೋಣ ಅಂದ್ರೆ ಎರಡೂ ಕೈಲಿ ಕನ್ನಡಿ, ಬಿಟ್ರೆ ಚೂರು ಚೂರು. ರಸ್ತೆ ಆ ಕಡೆ ಇವರು ನಿಂತಿದ್ರು. ಟಕ್ ಅನ್ನಿಸ್ಬಿಟ್ರು."

ಅದೇ ರೀಲಿನ ಕೊನೆಯ ಫೋಟೋ. ದಾರಿಯುದ್ದಕ್ಕೂ ನೀವು ಸೀಟಿ ಹಾಕುತ್ತಿದ್ದಿರಂತೆ. "ಮದುವೆಯಾದಾಗಿಂದ ಇವರು ಸೀಟಿ ಹಾಕಿದ್ದು ನಾನು ಕೇಳಿಲ್ಲ" ಎಂದರು ಅತ್ತೆ. ಆ ಗುಂಗಿನಲ್ಲೇ ನೀವು ರೀಲನ್ನು ಜೇಬಿನ ಬದಲು ಫ್ರಿಜ್ ಮೇಲೆ ಇಟ್ಟಿದ್ದು. ಆ ಸಂಜೆಯೇ ಅಂಗಡಿಯ ಗೋಡೆಗೆ ಫೋಟೋ ಜೋಡಿಸುವ ಮಾತು ಬಂದಾಗ, "ಮಧ್ಯದ ಜಾಗ ಬಿಡು, ಅದಕ್ಕೊಂದು ಇದೆ" ಎಂದಿದ್ದಿರಿ. ನಾನು ಅದ್ಯಾವುದು ಎಂದರೆ ಹುಬ್ಬು ಹಾರಿಸಿದ್ದಿರಿ ಅಷ್ಟೇ.

ಇದೆಲ್ಲ ಕೇಳಿದ ಮೇಲೆ ಅವತ್ತು ನಕ್ಕದ್ದಕ್ಕೆ ನನಗೇ ನಾಚಿಕೆಯಾಯಿತು. ನಿಮ್ಮ ಮಗ ಹೇಳಿದ ಹಾಗೆ ಇನ್ನೊಂದು ಸಲ ತೆಗೆಯುವುದಕ್ಕೆ ಆ ಟೈ ಕಟ್ಟಿದವನನ್ನು ಎಲ್ಲಿಂದ ಹುಡುಕಿ ತರುವುದು? ಮತ್ತೆ ನಗಲು ಹೇಳಿದರೆ ಅತ್ತೆ ನಗುತ್ತಾರೆ, ಕೈ ಅಡ್ಡ ಇಟ್ಟುಕೊಂಡು. ನಾಲ್ಕು ದಿನ ಆ ಫಿಲ್ಮು ಕಿಟಕಿಯ ಕಂಬಿಗೆ ನೇತಾಡುತ್ತಲೇ ಇತ್ತು. ಮುಟ್ಟುವ ಧೈರ್ಯ ಆಗಲಿಲ್ಲ.

ನಿನ್ನೆ ಆಫೀಸಿಗೆ ರಜೆ ಹಾಕಿದೆ. ಮಧ್ಯಾಹ್ನ ಊಟವಾದ ಮೇಲೆ ಬಚ್ಚಲ ಕಿಟಕಿಗೆ ನಿಮ್ಮ ಕಪ್ಪು ರಟ್ಟು ಹೊಡೆದೆ, ಬಕೆಟ್ಟಿನ ಮೇಲೆ ಹಲಗೆ ಇಟ್ಟೆ. ನೀವಿಲ್ಲದೆ ನಾನೊಬ್ಬಳೇ ಪ್ರಿಂಟ್ ಹಾಕಹೊರಟದ್ದು ಅದೇ ಮೊದಲು. ಥರ್ಮಾಮೀಟರ್ ಮಾತ್ರ ಇಲ್ಲ! ಡೆವಲಪರಿಗೆ ಬೆರಳು ಅದ್ದಿ ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆ ಬಾಗಿಲಲ್ಲಿ ಇಣುಕಿದರು. ಇಷ್ಟು ವರ್ಷ ಆ ಬಚ್ಚಲಿಗೆ ಬೈಯುವುದಕ್ಕಲ್ಲದೆ ಬೇರೆ ಕಾರಣಕ್ಕೆ ಅವರು ಬಂದವರೇ ಅಲ್ಲ. "ಸರಿ ಆಚೆ, ಇಬ್ಬರು ಮಕ್ಕಳಿಗೆ ಸ್ನಾನ ಮಾಡ್ಸಿದೀನಿ, ನೀರಿನ ಬಿಸಿ ನಂಗೊತ್ತಿಲ್ವಾ?" ಎಂದವರೇ ಮೊಣಕೈ ಅದ್ದಿಬಿಟ್ಟರು. "ತಣ್ಣಗಿದೆ, ಬಿಸಿನೀರಿನ ಪಾತ್ರೆ ಕೆಳಗಿಡು" ಎಂದರು. ಹಾಗೇ ಮಾಡಿದೆ. ನಿಮ್ಮ ಥರ್ಮಾಮೀಟರನ್ನು ನೀವೇ ಇಟ್ಟುಕೊಳ್ಳಿ ಮಾವ, ಇನ್ನು ನಮಗೆ ಅದರ ಹಂಗಿಲ್ಲ.

ಎನ್ಲಾರ್ಜರಿನ ಬೆಳಕು ಹಾಕಿದೆ. ಎರಡು ಸಲ ಕ್ಯಾಮೆರಾ ಹೊಕ್ಕ ರೀಲು, ನಿಮ್ಮ ಫ್ರೇಮೂ ನನ್ನ ಫ್ರೇಮೂ ಸರಿಯಾಗಿ ಕೂತಿರಲಿಲ್ಲ, ಒಂದಿಷ್ಟು ಸರಿದಿದ್ದವು. ಬದಿಯಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ ಎಂದು ಇಡಿಯಾಗಿ ಬಿಟ್ಟೆ. ಕಾಗದವನ್ನು ತಟ್ಟೆಗೆ ಹಾಕಿದೆ. "ನಾನಾಡಿಸ್ತೀನಿ ಕೊಡು" ಎಂದು ಅತ್ತೆ ತಟ್ಟೆಯ ಎರಡೂ ಅಂಚು ಹಿಡಿದು ಮೆಲ್ಲಗೆ ಅಲುಗಿಸತೊಡಗಿದರು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕೈ, ಇನ್ನೊಂದು ಕೈ. ಆಮೇಲೆ ಹಲ್ಲು.

"ಅಯ್ಯೋ, ಯಾರೇ ಇದು?" ಎಂದರು ಅತ್ತೆ. ಮುಖ ಬರುತ್ತಿತ್ತು ಮಾವ. ಪೂರ್ತಿ ಬಂತು.

ಈಗ ಆ ಪೊಟ್ಟಣ ಬಿಚ್ಚಿ. ನಿಧಾನ, ಕತ್ತರಿ ಉಪಯೋಗಿಸಿ, ಹಲ್ಲಲ್ಲಿ ಕಚ್ಚಬೇಡಿ.

ನೋಡಿದಿರಾ? ಒಂದರ ಮೇಲೊಂದು ಬಿದ್ದರೆ ಮೊದಲಿನದರ ಕತ್ತಲಿದ್ದ ಜಾಗದಲ್ಲಿ ಮಾತ್ರ ಎರಡನೆಯದು ಕೂರುತ್ತದೆ, ಬೆಳಕಿದ್ದ ಕಡೆ ಅದಕ್ಕೆ ಜಾಗ ಇರುವುದಿಲ್ಲ ಎಂದು ನೀವೇ ಒಮ್ಮೆ ಹೇಳಿಕೊಟ್ಟಿದ್ದಿರಿ. ಒದ್ದೆ ಫಿಲ್ಮು ನೋಡಿದ ಗಾಬರಿಯಲ್ಲಿ ನಿಮ್ಮ ಪಾಠ ನಿಮಗೇ ಮರೆತುಹೋಯಿತು. ಅತ್ತೆಯ ಮುಖಕ್ಕೆ ಬೆಳಗಿನ ಬಿಸಿಲು ನೇರ ಬಿದ್ದಿತ್ತು, ಹಾಗಾಗಿ ನನ್ನ ಮುಸ್ಸಂಜೆಯ ಬಸ್ಸು ಆ ನಗುವಿಗೆ ಏನೂ ಮಾಡಿಲ್ಲ. ಕನ್ನಡಿಯಲ್ಲಿ ನಿಮ್ಮ ಹಿಂದಿನ ಮುಚ್ಚಿದ ಅಂಗಡಿಯ ನೆರಳಿತ್ತಲ್ಲ, ಆ ಕತ್ತಲೊಳಗೆ ಹೋಗಿ ನಿಂತಿದೆ ಬಸ್ಸು, ಕಿಟಕಿಗಳಲ್ಲೆಲ್ಲ ದೀಪ, ದೀಪದ ಕೆಳಗೆ ಸಾಲಾಗಿ ಮನೆಗೆ ಹೊರಟ ಜನ. ನಿಮ್ಮ ಹೆಂಡತಿ ಒಂದು ಬಸ್ಸನ್ನೇ ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಾಯ್ತುಂಬ ನಗುತ್ತಿದ್ದಾರೆ! ಎಡಗಡೆ ಅಂಚಿನಲ್ಲಿ ಒಂದು ಬೀದಿದೀಪ ಅವರ ಕಿವಿಗೆ ಓಲೆಯ ಹಾಗೆ ಅಂಟಿಕೊಂಡಿದೆ, ಅದೊಂದು ತಪ್ಪು ಉಳಿದಿದೆ. ಇರಲಿ ಬಿಡಿ, ಚೆನ್ನಾಗಿಯೇ ಕಾಣುತ್ತದೆ. ಇದು ನೀವು ತೆಗೆದ ಫೋಟೋ ಅಲ್ಲ, ಗೊತ್ತು. ನಾನು ತೆಗೆದದ್ದೂ ಅಲ್ಲ. ನಾವಿಬ್ಬರೂ ಬೇಕೆಂದೇ ಕೂತು ತೆಗೆದರೂ ಇಂಥದ್ದೊಂದು ಬರುತ್ತಿರಲಿಲ್ಲ.

ತಟ್ಟೆಯಲ್ಲಿ ತಮ್ಮ ಮುಖ ಪೂರ್ತಿ ಕಂಡಾಗ ಅತ್ತೆಗೆ ನಗು ಬಂತು. ಎರಡು ಕೈಯೂ ತಟ್ಟೆಯ ಮೇಲೆ, ಬಿಟ್ಟರೆ ನೀರು ಚೆಲ್ಲುತ್ತದೆ. ಮತ್ತೆ ಸಿಕ್ಕಿಬಿದ್ದರು! ಕೆಂಪು ಬೆಳಕಿನಲ್ಲಿ, ನನ್ನ ಎದುರಿಗೆ, ಅಡ್ಡ ಕೈಯಿಲ್ಲದೆ ಅವರು ನಕ್ಕರು. ಫೋಟೋದೊಳಗಿನ ಅತ್ತೆ, ಫೋಟೋ ಹೊರಗಿನ ಅತ್ತೆ, ಇಬ್ಬರದೂ ಒಂದೇ ನಗು. ನಾನು ಕ್ಯಾಮೆರಾ ತರಲು ಹೋಗಲಿಲ್ಲ. ಅದು ನಿಮ್ಮ ಪಾಲಿನದು ಅನ್ನಿಸಿತು.

ಪ್ರಿಂಟು ಒಣಗಿದ ಮೇಲೆ ಅತ್ತೆ ಅದನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಂದು ಸಲ ಬೆರಳಿನಿಂದ ಫೋಟೋದ ಬಾಯಿ ಮುಚ್ಚಿದರು. ಎಲ್ಲಿ ಹರಿದುಹಾಕು ಎನ್ನುತ್ತಾರೋ ಎಂದು ಹೆದರಿದೆ. ಆಮೇಲೆ ಬೆರಳು ತೆಗೆದರು. "ಅಂಥಾ ಕೆಟ್ಟದಾಗೇನೂ ಇಲ್ಲ ಅಲ್ವಾ?" ಎಂದರು. ಇಲ್ಲ ಅತ್ತೆ ಎಂದೆ. "ಗೋಡೆಗೆ ಹಾಕಿ. ಆದ್ರೆ ಮೊಳೆ ಮಾತ್ರ ಅವರೇ ಬಂದು ಹೊಡೀಬೇಕು. ಬೇರೆ ಯಾರು ಹೊಡೆದ್ರೂ ನಾನು ಒಪ್ಪಲ್ಲ" ಎಂದರು.

ನಮ್ಮ ಬಾಲದ ವ್ಯಾಜ್ಯಕ್ಕೂ ತೀರ್ಪು ಬಂದಿದೆ. ಇನ್ನು ಮುಂದೆ ಮುಗಿದ ರೀಲಿಗೆ ಅತ್ತೆಯ ತಲೆಯ ಕ್ಲಿಪ್ಪು ಹಾಕತಕ್ಕದ್ದು, ಇಬ್ಬರಲ್ಲಿ ಯಾರೂ ಬಾಲದ ಸುದ್ದಿ ಎತ್ತತಕ್ಕದ್ದಲ್ಲ. ಒಂದು ಹಾಳೆ ಕ್ಲಿಪ್ಪು ಆಗಲೇ ಫ್ರಿಜ್ ಮೇಲೆ ಕೂತಿದೆ, ಕ್ಯಾಮೆರಾದ ಪಕ್ಕ. ಬೆಳಗಿನ ಪಾಳಿ ಐದು ದಿನದಿಂದ ಖಾಲಿ ಬಿದ್ದಿದೆ. ನಾನು ಮುಟ್ಟಿಲ್ಲ. ಇಸ್ತ್ರಿಯವನು, "ಯಜಮಾನ್ರು ಎಲ್ಲಿ? ಹೊಸ ಅಂಗಿ ಹಾಕ್ಕೊಂಡಿದ್ದೆ" ಎಂದು ಕೇಳಿದ. ಬೀದಿಗೆ ಬೀದಿಯೇ ನಿಮ್ಮ ದಾರಿ ಕಾಯುತ್ತಿದೆ, ನೀವು ನೋಡಿದರೆ ಮಗಳ ಬಾಲ್ಕನಿಯಲ್ಲಿ ಗುಂಡಿ ಎಣಿಸುತ್ತಿದ್ದೀರಿ.

ಇನ್ನೊಂದೇ ಮಾತು. ಫೋಟೋವನ್ನು ಸ್ವಲ್ಪ ಕಣ್ಣ ಹತ್ತಿರ ಹಿಡಿಯಿರಿ. ಬಸ್ಸಿನ ಬೋರ್ಡು ಓದಲು ಬರುತ್ತದೆ, ಹದಿನಾಲ್ಕು, ನಿಮ್ಮ ಮಗಳ ಮನೆ ಮುಂದಿನಿಂದ ನಮ್ಮ ಸ್ಟಾಪಿಗೆ ಬರುವುದು ಅದೇ. ಈಗ ಬಾಗಿಲ ಹತ್ತಿರ ನೋಡಿ. ಬಿಳಿ ಅಂಗಿ ತೊಟ್ಟ ಒಬ್ಬರು, ಮುಖದ ಮುಂದೆ ಕ್ಯಾಮೆರಾ, ಮೊಣಕೈ ಎತ್ತಿಕೊಂಡು ಫುಟ್‌ಬೋರ್ಡಿನ ಮೇಲೆ ನಿಂತ ಹಾಗೆ ಕಾಣುತ್ತಾರಲ್ಲ? ಅದು ನೀವು, ಅತ್ತೆಯ ಕನ್ನಡಿಯಲ್ಲಿ. ನನಗೆ ಮೊದಲು ಕಂಡಿರಲಿಲ್ಲ. ಕಂಡದ್ದು ಅತ್ತೆಗೆ. ನಿನ್ನೆ ಸಂಜೆ ನಾನು, ಮಾವ ಬರುತ್ತಾರೋ ಇಲ್ಲವೋ ಎಂದು ಗೊಣಗುತ್ತಿದ್ದಾಗ ಅವರು ಕನ್ನಡಕ ಏರಿಸಿ, ಆ ಬಿಳಿ ಅಂಗಿಯ ಮೇಲೆ ಬೆರಳಿಟ್ಟು ಹೇಳಿದರು: "ಬರ್ದೇ ಏನು? ನೋಡು, ಆಗ್ಲೇ ಬಸ್ಸು ಹತ್ತಿದ್ದಾರೆ. ಇನ್ನು ಇಳಿಯೋದೊಂದು ಬಾಕಿ."

ಭಾನುವಾರ ಬೆಳಿಗ್ಗೆ ಸ್ಟಾಪಿನಲ್ಲಿ ನಾವಿಬ್ಬರೂ ನಿಂತಿರುತ್ತೇವೆ. ಸುತ್ತಿಗೆ ನನ್ನ ಕೈಯಲ್ಲಿರುತ್ತದೆ, ಮೊಳೆ ಅತ್ತೆ ಹಿಡಿದಿರುತ್ತಾರೆ, ಎರಡೂ ಕೈಯಲ್ಲಿ.

ನಿಮ್ಮ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ, ನಿಮ್ಮ ಬೆಳಗುಗಳಿಗೆಲ್ಲ ಒಳ್ಳೆಯ ಬೆಳಕು ಸಿಗಲಿ ಎಂದು ಹಾರೈಸುತ್ತ,

ನಿಮ್ಮ ಜೊತೆ ಜಗಳವಾಡಲು ಯಾರೂ ಸಿಗದೆ ಬೇಜಾರಾಗಿರುವ,
ನಿಮ್ಮ ಸಂಜೆ ಪಾಳಿಯ ಸೊಸೆ